ತಂತಿ ಕಿತ್ತ ಬಟ್ಟಲು

"ಗುರುಗಳೇ, ನನಗೆ ಕೇಳಿಸಿದ್ದು ನನಗೆ ಕೇಳಿಸಿದ್ದೇ ಅಲ್ಲವೇ? ಅದಕ್ಕೆ ಇನ್ನೊಬ್ಬರ ಒಪ್ಪಿಗೆ ಏಕೆ ಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಬಟ್ಟೆಯ ಗಂಟು ಆಗಲೇ ಅವನ ಕಂಕುಳಲ್ಲಿತ್ತು. ಹಿಂದಿನ ದಿನ ಧ್ಯಾನಕ್ಕೆ ಕುಳಿತಾಗ ಅವನಿಗೊಂದು ನಾದ ಕೇಳಿಸಿತ್ತು. ಜೊತೆಯವರಿಗೆ ಹೇಳಿದರೆ, "ಅದು ಬಾವಿಯ ಪಂಪು ಕಣೋ" ಎಂದು ನಕ್ಕಿದ್ದರು. ಇವರ ಸಹವಾಸವೇ ಸಾಕು, ಬೆಟ್ಟದ ಗವಿಯಲ್ಲಿ ಒಬ್ಬನೇ ಇರುತ್ತೇನೆ ಎಂದು ಹೊರಟಿದ್ದ.

"ಕೂತುಕೋ. ಗವಿ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಬಯಲಿನಲ್ಲಿ ಮನೆಯಷ್ಟು ದೊಡ್ಡ ಬಟ್ಟಲುಗಳನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದ್ದರು. ನಕ್ಷತ್ರಗಳ ಆಚೆಯಿಂದ ಎಂದಾದರೊಮ್ಮೆ ರೇಡಿಯೋ ಅಲೆಗಳ ಒಂದು ಸಿಡಿತ ಬರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಅದು ಇರುವುದಿಲ್ಲ. ಅದನ್ನು ಹಿಡಿಯುವುದೇ ಆ ಬಟ್ಟಲುಗಳ ಕೆಲಸ. ಒಂದೊಂದಕ್ಕೂ ಒಬ್ಬೊಬ್ಬರು ಕಾವಲು. ಬಟ್ಟಲುಗಳು ದೂರ ದೂರ ನಿಂತಿದ್ದರೂ ನೆಲದೊಳಗೆ ತಂತಿ ಎಳೆದು ಎಲ್ಲವನ್ನೂ ಕೂಡಿಸಿದ್ದರು. ಎಲ್ಲವೂ ಒಂದೇ ಕಡೆ ನೋಡಬೇಕು. ಒಂದಕ್ಕೆ ಮಾತ್ರ ಕೇಳಿಸಿದ್ದು ಯಾರದೋ ಮನೆಯ ಮಿಕ್ಸಿಯದಿರಬಹುದು, ಮೊಪೆಡ್ಡಿನದಿರಬಹುದು. ಎಲ್ಲಕ್ಕೂ ಕೇಳಿಸಿದರೆ ಅದು ಆಕಾಶದ್ದು. ಉಳಿದದ್ದನ್ನು ಲೆಕ್ಕದಿಂದ ಹೊಡೆದುಹಾಕಬೇಕು. ಅಲ್ಲಿಯ ನಿಯಮ ಅದು.

ಕೊನೆಯ ಬಟ್ಟಲಿನ ಕಾವಲುಗಾರನಿಗೆ ಈ ನಿಯಮ ಗಂಟಲ ಮುಳ್ಳಾಗಿತ್ತು. "ಸಿಕ್ಕಿತು!" ಎಂದು ಅವನು ಓಡಿಬಂದಾಗಲೆಲ್ಲ ಪಕ್ಕದ ಬಟ್ಟಲಿನ ಹೆಂಗಸು, "ಏನಪ್ಪಾ, ಇವತ್ತು ನಿನ್ನ ಆಕಾಶ ಏನು ರುಬ್ಬಿತು? ದೋಸೆಗೋ, ಚಟ್ನಿಗೋ?" ಎನ್ನುತ್ತಿದ್ದಳು. ಉಳಿದವರು ನಗುತ್ತಿದ್ದರು. ಅವಳ ಮಾತು ಪ್ರತಿಸಲವೂ ಸರಿಯಾಗಿಯೇ ಇರುತ್ತಿತ್ತು. ಅವನ ಹೊಟ್ಟೆ ಉರಿಯುತ್ತಿದ್ದದ್ದೇ ಅದಕ್ಕೆ.

ಒಂದು ದಿನ ಅವನು ತನ್ನ ಬಟ್ಟಲಿನ ತಂತಿ ಕಿತ್ತ. ತನಗೆ ಬೇಕಾದ ಕಡೆ ಬಟ್ಟಲನ್ನು ತಿರುಗಿಸಿಕೊಂಡ. ಮೊದಮೊದಲು ಹಾಯಾಗಿತ್ತು. ನಗುವವರಿಲ್ಲ, ಹೊಡೆದುಹಾಕುವವರಿಲ್ಲ. ಆಮೇಲೆ ಹೊಡೆದುಹಾಕುವ ಕೆಲಸವೂ ಅವನ ತಲೆಗೇ ಬಂತು. ಇದು ಮಿಕ್ಸಿ, ಇದು ಮೊಪೆಡ್ಡು ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಸದ್ದು ಅವನದೊಂದೇ.

ಹೀಗಿರುವಾಗ ಅದು ಬಂತು.

ಬಹುದೂರದಿಂದ ಬರುವ ಸಿಡಿತದಲ್ಲಿ ಮೇಲಿನ ಸ್ವರ ಮೊದಲು ತಲುಪುತ್ತದೆ, ಕೆಳಗಿನ ಸ್ವರ ಆಮೇಲೆ. ಇದೂ ಹಾಗೆಯೇ ಮೇಲಿನಿಂದ ಕೆಳಕ್ಕೆ ಜಾರಿತು. ಇದಕ್ಕಾಗಿಯೇ ಅಲ್ಲವೇ ತಾನು ಇಷ್ಟು ವರ್ಷ ಕೂತದ್ದು? ಎದ್ದು ಆ ಹೆಂಗಸಿನ ಬಳಿಗೆ ಓಡಿದ.

ಅವನ ಮುಖ ನೋಡಿ ಅವಳು ಈ ಸಲ ನಗಲಿಲ್ಲ. "ಜಾರಿತೇ?" ಎಂದಳು.

"ಜಾರಿತು. ನಿಮಗೆ ಕೇಳಿಸಿರಬೇಕಲ್ಲ?"

"ನಾವೆಲ್ಲ ಆ ಕಡೆಗೆ ಬೆನ್ನು ಹಾಕಿದ್ದೆವಲ್ಲೋ. ಹಾಳಾದ ಮಿಕ್ಸಿಯ ಮೋಟಾರೂ ಒಮ್ಮೊಮ್ಮೆ ಹಾಗೆ ಜಾರುವ ನಾಟಕ ಆಡುತ್ತದೆ. ಹೇಗೆ ಹೇಳಲಿ? ನೀನು ದೂರ ಇದ್ದದ್ದು ತಪ್ಪಲ್ಲ. ದೂರದ ಬಟ್ಟಲಿದ್ದರೇ ಸಿಡಿತ ಬಂದ ದಿಕ್ಕು ಚೆನ್ನಾಗಿ ಸಿಗುವುದು. ತಂತಿ ಯಾಕೆ ಕಿತ್ತೆ ಮಾರಾಯ?"

ಅವನು ಸಿಡಿತ ಬಂದ ಕಡೆಗೆ ಬೆರಳು ತೋರಿಸಿದ.

ಅವನ ಮೇಲಿನ ಮರುಕಕ್ಕೆ ಎಲ್ಲರೂ ತಮ್ಮ ಬಟ್ಟಲುಗಳನ್ನು ಅವನು ತೋರಿಸಿದ ಕಡೆಗೆ ತಿರುಗಿಸಿದರು. ಕಾದರು. ಏನೂ ಬರಲಿಲ್ಲ. ಅಂಥ ಸಿಡಿತಗಳಲ್ಲಿ ಹೆಚ್ಚಿನವು ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ. ಕಾಯಬೇಕಾದ ಆಕಾಶ ಇನ್ನೂ ಬಹಳ ಇತ್ತು. ಎಲ್ಲರೂ ಬಟ್ಟಲುಗಳನ್ನು ಹಿಂದಕ್ಕೆ ತಿರುಗಿಸಿಕೊಂಡರು.

"ಸಾಕು ಬಾ, ತಂತಿ ಸೇರಿಸು" ಎಂದಳು ಹೆಂಗಸು.

ಅವನು ಸೇರಿಸಲಿಲ್ಲ. ಸೇರಿಸಿದರೆ ಅವನ ಬಟ್ಟಲೂ ಎಲ್ಲರ ಜೊತೆ ತಿರುಗಬೇಕು. ಆಕಾಶದ ಆ ಜಾಗಕ್ಕೆ ಕಿವಿಗೊಡುವವರು ಯಾರೂ ಉಳಿಯುವುದಿಲ್ಲ.

ಅವನು ಇನ್ನೂ ಅಲ್ಲೇ ಕೂತಿದ್ದಾನೆ. ಹಬ್ಬದ ದಿನ ಆ ಹೆಂಗಸು ಒಂದು ಡಬ್ಬಿ ತಂದು ಅವನ ಬಾಗಿಲಲ್ಲಿಟ್ಟು ಹೋಗುತ್ತಾಳೆ. ದೋಸೆ, ಚಟ್ನಿಯ ಮಾತು ಈಗ ಎತ್ತುವುದಿಲ್ಲ. ಒಂದು ಸಲ ಎತ್ತಬಾರದೇ ಎಂದು ಅವನಿಗೆ ಆಸೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಅದು ನಿಜವಾಗಿ ಆಕಾಶದ್ದೇ ಆಗಿತ್ತೇ, ಗುರುಗಳೇ?"

"ಹೌದು ಎನ್ನಬಹುದಾಗಿದ್ದವರು ಅವನನ್ನು ನೋಡಿ ನಕ್ಕವರು ಮಾತ್ರ" ಎಂದರು ಗುರುಗಳು.

ಶಿಷ್ಯ ಗಂಟನ್ನು ಕಂಕುಳಿನಿಂದ ತೆಗೆದು ನೆಲದ ಮೇಲಿಟ್ಟ.