ಅಜ್ಜನವರು ಪಾಟಿ ಹಿಡಿದದ್ದು

ಕಲ್ಲಗೋನಾಳದ ಪೂಜ್ಯ ಕಾಡಯ್ಯ ಅಜ್ಜನವರು ಮಠ ಕಟ್ಟಿದವರಲ್ಲ, ಪೀಠವೇರಿದವರಲ್ಲ. ಊರ ಹೊರಗೆ ದಾರಿ ಎರಡಾಗಿ ಒಡೆಯುವಲ್ಲಿ, ಬೇವಿನ ಮರದ ಕೆಳಗೆ ಒಂದು ಗುಡಿಸಲು ಹಾಕಿಕೊಂಡು, ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆ ನಡೆಸುತ್ತಿದ್ದರು. ನೀರನ್ನು ದೂರದ ಬಾವಿಯಿಂದ ತಾವೇ ಹೊತ್ತು ತರುತ್ತಿದ್ದರು. ಬಂದವರ ಜಾತಿಯನ್ನಾಗಲಿ ಕುಲವನ್ನಾಗಲಿ ಅವರು ಕೇಳಿದ್ದಿಲ್ಲ. ಶರಣರ ವಚನಗಳು ಅವರ ನಾಲಗೆಯ ಮೇಲೆ ನೀರಿನಂತೆ ಹರಿಯುತ್ತಿದ್ದವು. ಅವನ್ನು ಕೇಳಲೆಂದೇ ಸುತ್ತಲಿನ ಹಳ್ಳಿಗಳ ಭಕ್ತರು ಮರದ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು.

ಅಂಥ ಶಾಂತಮೂರ್ತಿಗಳು ಜೀವಮಾನದಲ್ಲಿ ಒಮ್ಮೆ ಮಾತ್ರ ಸಿಟ್ಟಾದರು. ಅದನ್ನು ಕಣ್ಣಾರೆ ಕಂಡ ವಾಮನರಾಯ ಮಾಸ್ತರರು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ನಮ್ಮನ್ನು ಕೂರಿಸಿಕೊಂಡು ಹೇಳಿದ ಪ್ರಸಂಗವಿದು.

ಊರಾಚೆಯ ಕೇರಿಯಲ್ಲಿ ಹುಲಿಗೆವ್ವ ಎಂಬ ಸೂಲಗಿತ್ತಿ ಇದ್ದಳು. ನಲವತ್ತು ದಾಟಿದ ವಿಧವೆ. ಊರಿನ ಯಾವ ಮನೆಯಲ್ಲಿ ಹೆರಿಗೆ ಬ್ಯಾನಿ ಕಾಣಿಸಿಕೊಂಡರೂ ಅವಳಿಗೇ ಕರೆ. ಕೂಸು ಅಡ್ಡ ಬಿದ್ದಿದ್ದರೂ ಕೈಯಿಟ್ಟು ತಿರುಗಿಸಿ ತಾಯಿ ಮಗು ಇಬ್ಬರನ್ನೂ ಉಳಿಸಬಲ್ಲಳು. ಆದರೆ ಕೂಸು ಅತ್ತಿತೆಂದರೆ ಆ ಮನೆಯಲ್ಲಿ ಅವಳ ಕೆಲಸ ಮುಗಿಯಿತು. ಕೋಣೆ ತೊಳೆದು ಹಿತ್ತಲ ಬಾಗಿಲಿನಿಂದ ಹೊರಬೀಳಬೇಕು. ಒಳಗೆ ಬಾಣಂತಿಯ ಬೆವರು ಒರೆಸಿದ ಕೈಗೆ ಹೊರಗೆ ಅಕ್ಕಿಯನ್ನು ಮೇಲಿಂದ ಸುರಿಯುತ್ತಿದ್ದರು.

ತಾಲ್ಲೂಕಿನ ಆಸ್ಪತ್ರೆಗೆ ವತ್ಸಲಾಬಾಯಿ ಎಂಬ ಹೊಸ ಡಾಕ್ಟರು ಬಂದ ವರ್ಷ ಅದು. ಅವರು ಹುಲಿಗೆವ್ವನ ಕೈಗುಣ ನೋಡಿ ಬೆರಗಾದರು. "ಹೆರಿಗೆ ಕೇಂದ್ರ ತೆರೀತೀವಿ. ನೀ ಸರಕಾರದ ಕೆಲಸಕ್ಕ ಬಾ. ಆರು ತಿಂಗಳು ತರಬೇತಿ ಇರತೈತಿ. ಆದರ ಓದಾಕ ಬರಿಯಾಕ ಬರಬೇಕು, ಅದಕ್ಕ ಮದಲ ಒಂದು ಪರೀಕ್ಷಾ ಇರತೈತಿ. ಐದು ತಿಂಗಳ ಟೈಮ್ ಐತಿ, ಕಲಕೋ" ಎಂದರು.

ಹುಲಿಗೆವ್ವನಿಗೆ ಆಸೆಯೂ ಆಯಿತು, ಅಂಜಿಕೆಯೂ ಆಯಿತು. ಈ ವಯಸ್ಸಿನಲ್ಲಿ ಅಕ್ಷರ ತಲೆಗೆ ಹತ್ತೀತೇ? ಹೋಗಿ ಫೇಲಾಗಿ ಬಂದರೆ ಊರು ಸುಮ್ಮನಿದ್ದೀತೇ? ಆರು ತಿಂಗಳು ತಾನಿಲ್ಲದಿದ್ದರೆ ಕೇರಿಯ ಬಸುರಿಯರ ಗತಿಯೇನು? ಕೇಳಿದವರೆಲ್ಲ ಬೇಡವೆಂದರು. ಶಾಲೆಯ ಮಾಸ್ತರರೂ ನಕ್ಕು ಸಾಗಹಾಕಿದರು. ಆ ಮಾಸ್ತರರು ಬೇರೆ ಯಾರೂ ಅಲ್ಲ, ನಮಗೆ ಈ ಕಥೆ ಹೇಳಿದ ವಾಮನರಾಯರೇ.

ಒಂದು ದಿನ ಮಧ್ಯಾಹ್ನ ಅಜ್ಜನವರ ಕಟ್ಟೆಯ ಮೇಲೆ ಊರ ಹಿರಿಯರಾದ ಅಂದಾನಗೌಡರು, ವಾಮನರಾಯರು, ಇನ್ನೂ ನಾಲ್ಕಾರು ಮಂದಿ ಕುಳಿತಿದ್ದರು. ಹುಲಿಗೆವ್ವ ಬಂದು ಬಿಸಿಲಿನಲ್ಲೇ ನಿಂತಳು. ಅಜ್ಜನವರು ತಂಬಿಗೆ ಎತ್ತಿಕೊಂಡು ಹೋದರು.

"ನೀರು ಒಲ್ಲೆ ಯಪ್ಪಾ" ಎಂದಳು. "ನಾ ನೀರಡಿಸಿ ಬಂದಿಲ್ಲ. ಸಿಟ್ಟಿಗೆದ್ದು ಬಂದೀನಿ. ಸ್ವಾಮಿಗಳ ಮ್ಯಾಲೆ ನನಗ ನಂಬಿಗಿ ಇಲ್ಲ. ಪೂರ್ವಜನ್ಮದ ಕರ್ಮ, ಇದ್ದಲ್ಲೇ ಇರು ಅಂತೀರಿ. ಅದನ್ನ ನಿಮ್ಮ ಬಾಯಿಂದನೂ ಕೇಳಿ ಹೋದರ ನನ್ನ ಆಸೆ ಮುಗೀತೈತಿ."

ಮಾತು ಕೇಳಿ ಜನ ಬೆಚ್ಚಿದರು. ಗೌಡರು ಮಾತ್ರ ನಗುತ್ತಾ, "ಅಜ್ಜಾರ, ಈಕಿಗೆ ನೌಕರಿ ಹುಚ್ಚು ಹಿಡದೈತಿ. ಕೂದಲಾ ನೆರತಾವು, ಈಗ ಅ ಆ ಇ ಈ ಕಲೀತಾಳಂತ! ಈಕಿ ಪಟ್ಟಣಕ್ಕ ಹೋಗಿ ಕುಂತರ ನಮ್ಮನಿ ಹೆಣ್ಣುಮಕ್ಕಳಿಗೆ ಯಾರು ದಿಕ್ಕು?" ಎಂದರು.

ಕಟ್ಟೆಯ ಮೇಲಿನವರೆಲ್ಲ ನಕ್ಕರು. ವಾಮನರಾಯರೂ ನಕ್ಕರು.

"ನಗ್ರಿ ಗೌಡ್ರ" ಎಂದಳು ಹುಲಿಗೆವ್ವ. "ಹೋದ ತಿಂಗಳು ನಮ್ಮ ಓಣಿ ಫಕೀರವ್ವ ಹಡದಳು. ಹಡದ ಮ್ಯಾಲೆ ರಕ್ತ ನಿಲ್ಲಲಿಲ್ಲ. ಡಾಕ್ಟರಬಾಯಿ ಎರಡು ಸೀಸೆ ಗುಳಿಗಿ ಕೊಟ್ಟಿದ್ದರು. ಒಂದು ಜ್ವರಕ್ಕ, ಒಂದು ರಕ್ತ ನಿಲ್ಲಾಕ. ಯಾವುದು ಯಾವುದಂತ ಮ್ಯಾಲೆ ಬರದಿತ್ತು. ನನಗ ಮರತಿತ್ತು. ತಪ್ಪು ಕೊಟ್ಟರ ಸಾಯ್ತಾಳಂತ ಅಂಜಿ, ಸೀಸೆ ಹಿಡಕೊಂಡು ಊರಾಗ ಓಡಿ ಬಂದೆ. ಓದಾಕ ಬರೋರ ಮನಿ ಮುಂದ ನಿಂತೆ. ಊಟಕ್ಕ ಕುಂತಾರ, ನಿಲ್ಲು ಅಂದರು. ಜೀವ ಹೋಗಾಕತ್ತೈತಿ ಅಂತ ಒದರಿದೆ. ಅಂಗಳ ಮೈಲಿಗಿ ಆತು, ಅತ್ತಾಗ ಸರಿ ಅಂದರು. ಉಂಡು, ಕೈ ತೊಳಕೊಂಡು, ಎಲಿ ಅಡಿಕಿ ಹಾಕ್ಕೊಂಡು ಬಂದು ಓದಿ ಹೇಳಿದರು. ನಾ ಮನಿ ಮುಟ್ಟೂದರಾಗ ಫಕೀರವ್ವ ತಣ್ಣಗಾಗಿದ್ದಳು. ನನ್ನ ಕೈಯಾಗ ಔಷಧ ಇತ್ತು ಯಪ್ಪಾ! ಔಷಧ ನನ್ನ ಕೈಯಾಗ ಇತ್ತು!"

ಅವಳು ಕಟ್ಟೆಯ ಕಡೆ ಒಂದು ಹೆಜ್ಜೆ ಮುಂದಿಟ್ಟಳು.

"ಅದು ಯಾರ ಮನಿ ಅಂತ ನಾ ಹೇಳಂಗಿಲ್ಲ" ಎಂದಳು. "ಅವರೂ ಇಲ್ಲೇ ಕುಂತಾರ. ಈಗ ನಕ್ಕರು."

ಇಲ್ಲಿಗೆ ಬಂದಾಗ ವಾಮನರಾಯರು ಕಥೆ ನಿಲ್ಲಿಸಿ, "ಅದು ನನ್ನ ಮನಿ" ಎಂದರು. "ಆಕಿ ಅಷ್ಟು ಒದರಿದರೂ ಯಾರಿಗೆ ಏನಾಗೈತಿ ಅಂತ ಅವತ್ತು ನಾ ಕೇಳಲೇ ಇಲ್ಲ. ಮುಂದ ಏನಾತು ಅಂತನೂ ವಿಚಾರಿಸಲಿಲ್ಲ" ಎಂದರು.

ಅಜ್ಜನವರ ಮುಖ ಕೆಂಪೇರಿತು. ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟರು. ಕಟ್ಟೆಯ ಮೇಲಿದ್ದ ಒಬ್ಬೊಬ್ಬರನ್ನೂ ದಿಟ್ಟಿಸಿ ನೋಡಿದರು. ಆ ಕಣ್ಣುಗಳನ್ನು ಎದುರಿಸಲಾಗದೆ ಎಲ್ಲರೂ ತಲೆ ತಗ್ಗಿಸಿದರು. ಅವರು ಬೈದೇ ಬೈಯುತ್ತಾರೆಂದು ವಾಮನರಾಯರು ಕಾದು ಕುಳಿತರು.

ಅಜ್ಜನವರು ಹೇಳಿದ್ದು ಇಷ್ಟು: "ಮಾಸ್ತರ, ನನಗೂ ಅಕ್ಷರ ಬರೂದಿಲ್ಲ."

ಜನ ಮುಖ ಮುಖ ನೋಡಿಕೊಂಡರು. ಭಕ್ತರು ಗ್ರಂಥ ತಂದಾಗ ಅಜ್ಜನವರು ಅದನ್ನು ಕಣ್ಣಿಗೊತ್ತಿಕೊಂಡು "ನೀವೇ ಓದ್ರಿ, ಕೇಳತೀನಿ" ಎನ್ನುವುದನ್ನು ಎಲ್ಲರೂ ಅವರ ವಿನಯವೆಂದೇ ತಿಳಿದಿದ್ದರು. ಸಾವಿರಾರು ವಚನಗಳನ್ನು ಅವರು ಬರೀ ಕೇಳಿ ಕಲಿತಿದ್ದರು.

"ಮೂವತ್ತು ವರ್ಷ ಮುಚ್ಚಿಟ್ಟೆ. ಮಂದಿ ನಕ್ಕಾರಂತ ಅಂಜಿದ್ದೆ. ಈ ತಾಯಿ ಒಂದು ಜೀವದ ಸಲುವಾಗಿ ಅಂಜಿಕಿ ಬಿಟ್ಟು ಬಂದು ನಿಂತಾಳ, ನನಗ ನಾಚಿಕಿ ಬಂತು. ನಾಳೆಯಿಂದ ಇಬ್ಬರಿಗೂ ಕಲಸ್ರಿ. ನಗೋರು ಮದಲ ನನ್ನ ನೋಡಿ ನಗಲಿ."

ಗೌಡರು ಎದ್ದು ನಿಂತರು. "ಅಜ್ಜಾರ, ಕಲಿಯೂದು ಒತ್ತಟ್ಟಿಗಿರಲಿ. ಆಕಿ ಕುಂದ್ರೂದು ಎಲ್ಲಿ?"

"ನನ್ನ ಮಗ್ಗಲದಾಗ."

ಗೌಡರು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಅವರ ಮನೆಯಿಂದ ಅಜ್ಜನವರಿಗೆ ಬರುತ್ತಿದ್ದ ಜೋಳ ಅಂದಿನಿಂದ ನಿಂತಿತು. ಮುಂದೆಯೂ ಅವರು ಮನಸ್ಸು ತಿರುಗಿಸಿದರೆಂದು ಬರೆದರೆ ಸುಳ್ಳಾದೀತು.

ಹುಲಿಗೆವ್ವನ ಸಿಟ್ಟು ಇಳಿದಿತ್ತು, ಸಂಶಯ ಇಳಿದಿರಲಿಲ್ಲ. "ಯಪ್ಪಾ, ಇಷ್ಟೆಲ್ಲಾ ಮಾಡಿ ನನಗ ಬರದಿದ್ದರ?"

"ಬರದಿದ್ದರ, ಬರಲಿಲ್ಲ ಅಂತ ಗೊತ್ತಾಗತೈತಿ. ಮನ್ಯಾಗ ಕುಂತರ ಅದೂ ಗೊತ್ತಾಗಂಗಿಲ್ಲ ತಂಗೆವ್ವಾ" ಎಂದರು ಅಜ್ಜನವರು. ಆಮೇಲೆ ಮೆಲ್ಲಗೆ, "ಸಿಟ್ಟು ಬಿಡು ಅಂತ ನಾ ಹೇಳಂಗಿಲ್ಲ. ಜೋಪಾನ ಮಾಡು" ಎಂದರು.

ಮರುದಿನ ವಾಮನರಾಯರು ಎರಡು ಪಾಟಿ, ಬಳಪ ತಂದರು. ಅರವತ್ತು ದಾಟಿದ ಅಜ್ಜನವರು ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಪಕ್ಕದಲ್ಲಿ ಹುಲಿಗೆವ್ವ ಮುದುಡಿಕೊಂಡು ಕುಳಿತಳು. ಮೊದಲ ಎರಡು ವಾರ ನೋಡಿ ನಗಲೆಂದೇ ಜನ ಬಂದರು. ಅಜ್ಜನವರ ಬಳಪ 'ಪ' ಬರೆಯಹೋಗಿ 'ಷ' ಬರೆಯುತ್ತಿತ್ತು. "ತಪ್ಪು" ಎನ್ನಲು ಮಾಸ್ತರರಿಗೆ ನಾಲಗೆ ಏಳದು. ಅವರೇ ಪಾಟಿ ಮುಂದೆ ಹಿಡಿದು, "ತಪ್ಪೈತಲ್ರೀ ಮಾಸ್ತರ? ತಪ್ಪಂತ ಹೇಳ್ರಿ ಮತ್ತ" ಎನ್ನುತ್ತಿದ್ದರು. ಮೂರನೆಯ ವಾರಕ್ಕೆ ನಗಲು ಬಂದವರಲ್ಲಿ ಇಬ್ಬರು ಹೆಂಗಸರು ತಾವೂ ಕಲಿಯುತ್ತೇವೆಂದು ಕಟ್ಟೆ ಹತ್ತಿದರು.

ಹುಲಿಗೆವ್ವ ಬೇಗ ಮುಂದೆ ಹೋದಳು. ಕೂಸಿನ ತಲೆ ಎಲ್ಲಿದೆಯೆಂದು ಬೆರಳಿನಿಂದಲೇ ತಿಳಿಯುತ್ತಿದ್ದವಳಿಗೆ ಅಕ್ಷರದ ತಿರುವುಗಳು ಬಹಳ ದಿನ ಒಗ್ಗದೆ ಉಳಿಯಲಿಲ್ಲ. ನಾಲ್ಕು ತಿಂಗಳಿಗೆ ಅವಳು ಓದುತ್ತಿದ್ದಳು, ಅಜ್ಜನವರು ಇನ್ನೂ ಒತ್ತಕ್ಷರದಲ್ಲಿ ತಡವರಿಸುತ್ತಿದ್ದರು. ಅವಳು ಹೇಳಿಕೊಡುತ್ತಿದ್ದಳು, ಅವರು ಕೈಮುಗಿದು ಹೇಳಿಸಿಕೊಳ್ಳುತ್ತಿದ್ದರು. ಅವಳು ಆರು ತಿಂಗಳು ಇಲ್ಲದಾಗ ಕೇರಿಯವರಿಗೆ ತೊಂದರೆಯಾಗದಂತೆ ವತ್ಸಲಾಬಾಯಿಯವರು ವಾರಕ್ಕೊಮ್ಮೆಯೂ ಕರೆ ಬಂದಾಗಲೂ ತಾವೇ ಬಂದುಹೋಗಲು ಒಪ್ಪಿದರು.

ಪರೀಕ್ಷೆಯಲ್ಲಿ ಅವಳು ಪಾಸಾದಳು. ತರಬೇತಿಗೆ ಹೊರಡುವ ದಿನ ವಾಮನರಾಯರು ಕೇರಿಗೆ ಹೋದರು, ಜೀವನದಲ್ಲಿ ಮೊದಲ ಸಲ. ಅವಳ ಗುಡಿಸಲ ಮುಂದೆ ನಿಂತು, "ಹುಲಿಗೆವ್ವಾ, ನನ್ನಿಂದ ಒಂದು ಜೀವ ಹೋತು" ಎಂದರು.

ಅವಳು ಹೊರಡಲು ಕಟ್ಟಿದ್ದ ಗಂಟನ್ನು ಕೆಳಗಿಟ್ಟಳು. ಕ್ಷಮಿಸಿದೆನೆಂದು ಹೇಳಲಿಲ್ಲ. "ನಮ್ಮ ಕೇರಿ ಹುಡುಗರನ್ನ ಸಾಲಿ ಪಡಸಾಲ್ಯಾಗ ಕುಂದ್ರಸ್ತೀರಿ. ಒಳಗ ಕುಂದ್ರಸ್ರಿ" ಎಂದಳಷ್ಟೇ.

ಮುಂದಿನ ಸೋಮವಾರವೇ ವಾಮನರಾಯರು ಆ ಮಕ್ಕಳ ಕೈ ಹಿಡಿದು ಒಳಗೆ ಕರೆದುಕೊಂಡರು. ಊರಲ್ಲಿ ಗದ್ದಲವಾಯಿತು, ಅರ್ಜಿಗಳು ಹೋದವು, ಮೂರು ತಿಂಗಳಲ್ಲಿ ಅವರಿಗೆ ದೂರದ ಊರಿಗೆ ವರ್ಗವಾಯಿತು. ಅಲ್ಲಿಯೂ ಅವರು ಹಾಗೆಯೇ ಮಾಡಿದರು. ಹುಲಿಗೆವ್ವ ಹದಿನೈದು ವರ್ಷ ಹೆರಿಗೆ ಕೇಂದ್ರದಲ್ಲಿ ಸರಕಾರದ ದಾಯಿಯಾಗಿ ದುಡಿದು, ಎಂಟು ಹಳ್ಳಿಗಳ ತಾಯಂದಿರ ಬಾಯಲ್ಲಿ ಹುಲಿಗೆವ್ವತಾಯಿ ಆದಳು.

"ಅವತ್ತು ಅಜ್ಜಾರು ನನ್ನನ್ನ ಬೈದಿದ್ದರ ನಾಲ್ಕು ದಿನದಾಗ ಮರತುಬಿಡತಿದ್ದೆ" ಎಂದು ವಾಮನರಾಯರು ನಮಗೆ ಹೇಳಿದರು. "ಅವರು ಪಾಟಿ ಹಿಡಕೊಂಡು ನನ್ನ ಮುಂದ ಕುಂತರು. ನಾ ಮಾಸ್ತರ ಆದದ್ದು ಅವತ್ತಿನಿಂದ."