ಚುಕ್ಕಿ ಮೊಟ್ಟೆಯ ಮಾತು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಕೆರೆ ಏರಿಯ ಮೇಲೆ ಹಕ್ಕಿಗಳಿಗೆಲ್ಲ ಒಂದೇ ಗೂಡು. ಎಲ್ಲರ ಮೊಟ್ಟೆಯೂ ಅದರಲ್ಲೇ. ಯಾರ ಹೊಟ್ಟೆ ತುಂಬಿತೋ ಅವರು ಬಂದು ಕಾವು ಕೂರಬೇಕು. ಯಾರ ಮೊಟ್ಟೆ ಅಂತ ಕೇಳೋ ಹಾಗಿಲ್ಲ. ಅದು ಪದ್ಧತಿ.

ಉದ್ದ ಕಾಲಿನ ಟಿಟ್ಟಿಭಕ್ಕನ ಮೊಟ್ಟೆಗಳೂ ಅಲ್ಲೇ ಇದ್ದವು. ಮೈತುಂಬ ಕರಿ ಚುಕ್ಕಿ. ಅವಳಿಗೆ ಅವೇ ಪ್ರಾಣ. ಆದರೂ ಗಿಣಿಯ ಬಿಳಿ ಮೊಟ್ಟೆಗಳ ಮೇಲೂ ರೆಕ್ಕೆ ಹರಡಿ ಕೂರುತ್ತಿದ್ದಳು.

ಪಾರಿವಾಳದ ನಂಟಳು ಬೆಳವಕ್ಕಿ ಇದ್ದಳಲ್ಲ, ಕತ್ತು ಬಗ್ಗಿಸಿ ನಡೆಯೋ ಸಾಧ್ವಿ! ಅಷ್ಟೊಂದು ಮೊಟ್ಟೆಗೆ ಕಾವು ಕೂರಲು ಅವಳಿಗೆ ಮೈಗಳ್ಳತನ. ಒಂದು ದಿನ ಗಿಣಿಯ ಕಿವಿಗೆ ಬಾಯಿಟ್ಟಳು.

“ನಾನೇನೂ ಅನ್ನಲ್ಲ ಕಣೆ ತಾಯಿ. ಆ ಚುಕ್ಕಿಯೋರ ಮೊಟ್ಟೆ ನೋಡಿದ್ಯಾ? ತೊಳೆದರೂ ಹೋಗಲ್ಲ. ಅಂಟುರೋಗವೋ ಏನೋ!”

“ಅಯ್ಯೋ, ಹೌದೇನೇ?”

“ನನ್ನ ಹೆಸರು ಎತ್ತಬೇಡ ಮತ್ತೆ.”

ಗಿಣಿಯ ಬಾಯಲ್ಲಿ ಮಾತು ನಿಂತೀತೇ? ಗಾಳಿಗೂ ಅದೇ ಬೇಕಿತ್ತು. ‘ಚುಕ್ಕಿಯೋರು, ಚುಕ್ಕಿಯೋರು’ ಅಂತ ಜೊಂಡಿನಲ್ಲೆಲ್ಲ ಊದಿಕೊಂಡು ಹೋಯಿತು.

ಟಿಟ್ಟಿಭಕ್ಕ ಬಂದರೆ ಮಾತು ಗಪ್ಪನೆ ನಿಲ್ಲುತ್ತಿತ್ತು. ಬೆನ್ನು ತಿರುಗಿಸಿದರೆ ಪಿಸಪಿಸ.

“ಏನ್ರೇ ಅದು?”

“ಏನಿಲ್ಲಕ್ಕ, ಮಳೆ ವಿಷಯ.”

ಮಳೆ ವಿಷಯಕ್ಕೆ ಯಾರಾದರೂ ಕಣ್ಣು ತಪ್ಪಿಸ್ತಾರಾ? ಅವಳ ಎದೆಯಲ್ಲಿ ಮುಳ್ಳಾಡಿತು. ಆದರೆ ಹಸಿವು ಕೇಳಬೇಕಲ್ಲ. ಹುಳ ಹುಡುಕಿ ಹೋದಳು.

ತಿರುಗಿ ಬಂದರೆ, ಜಿನುಗು ಮಳೆಯಲ್ಲಿ ಅವಳ ಮೊಟ್ಟೆಗಳು ಗೂಡಿನಾಚೆ ಕೆಸರಲ್ಲಿ! ಎಲ್ಲ ತಣ್ಣಗಾಗಿದ್ದವು. ಒಂದೇ ಒಂದು ಬೆಚ್ಚಗಿತ್ತು.

“ಗಿಣಿ, ನಿನ್ನ ಮೊಟ್ಟೆಗೆ ನಾನು ಕಾವು ಕೊಡಲಿಲ್ಲವೇನೇ?”

“ನಾನಲ್ಲಕ್ಕ... ಎಲ್ಲರೂ ಅಂದ್ರು...”

ಉಳಿದೊಂದನ್ನು ಕೊಕ್ಕಿನಲ್ಲಿ ಉರುಳಿಸಿಕೊಂಡು ಟಿಟ್ಟಿಭಕ್ಕ ಬೀಳು ನೆಲಕ್ಕೆ ಹೋದಳು. ಅಲ್ಲಿನ ಕಲ್ಲುಗಳ ಮೈಯೂ ಚುಕ್ಕಿಯೇ. ಅವುಗಳ ನಡುವೆ ಬಚ್ಚಿಟ್ಟು ಕೂತಳು.

ಇತ್ತ ಗೂಡಿನಲ್ಲೇನಾಯಿತು? ಬಿಳಿ ಮೊಟ್ಟೆಯೋರೊಳಗೇ ಶುರುವಾಯಿತು, ‘ನಿನ್ನದು ಅಚ್ಚ ಬಿಳಿಯಲ್ಲ’ ಅಂತ. ಗೂಡು ಕಿತ್ತು ಹಂಚಿಕೊಂಡರು. ಗಿಣಿ ಮರದ ಪೊಟರೆ ಸೇರಿದಳು. ಬೆಳವಕ್ಕಿಯ ಪಾಲಿಗೆ ಬಂದದ್ದು ನಾಲ್ಕು ಕಡ್ಡಿ. ಇವತ್ತಿಗೂ ಅವಳ ಗೂಡು ಅಷ್ಟೇ, ಕೆಳಗಿಂದಲೇ ಮೊಟ್ಟೆ ಕಾಣುತ್ತೆ. ಆಗಬೇಕಾದ್ದೇ!

ಟಿಟ್ಟಿಭಕ್ಕನ ಮೊಟ್ಟೆ ಒಡೆದು ಮರಿ ಬಂತು. ಮರಿ ನೋಡಲು ಗುಬ್ಬಚ್ಚಿ ಹುಳ ಕಚ್ಚಿಕೊಂಡು ಬಂತು. ಪಾಪ, ಅದರದೂ ಚುಕ್ಕಿ ಮೊಟ್ಟೆಯೇ, ಅದನ್ನೂ ಅಟ್ಟಿದ್ದರು. ಟಿಟ್ಟಿಭಕ್ಕ ಹುಳವನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಮೇಲೆರಗಿ ಓಡಿಸಿದಳು.

ಅದಕ್ಕೇ ಮಗಾ, ಬೀಳು ನೆಲದಲ್ಲಿ ನೀನು ಸುಮ್ಮನೆ ನಡೆದು ಹೋದರೂ, ಮೇಯೋ ಹಸು ಹಾದು ಹೋದರೂ, ಟಿಟ್ಟಿಭ ತಲೆಯ ಮೇಲೆ ಸುತ್ತಿ ಸುತ್ತಿ ಕಿರುಚುತ್ತಾಳೆ: “ಯಾರ ಕಡೆಯೋರು? ಯಾರ ಕಡೆಯೋರು?”