ಓಡುವ ನೀರಿಗೆ ಅಡ್ಡಹಲಗೆ

"ಅಜ್ಜೀ, ಕಣಿವೆಕೋಟೆಗೆ ದಾರಿ ಯಾವುದು?"

"ನೀನು ಬಂದದ್ದೇ. ಕೋಟೆಗೆ ಬೆನ್ನು ಹಾಕಿ ಬಂದಿದ್ದೀಯ, ಅಷ್ಟೆ."

ಕಾಶಿಯಿಂದ ಕನ್ಯಾಕುಮಾರಿವರೆಗೆ ತಿರುಗಿದವಳು ನಾನು. ದಾರಿ ತಪ್ಪದ ಊರು ಒಂದೂ ಇಲ್ಲ. ಗದ್ದೆಯ ಬದುವಿನ ಮೇಲೆ ಕೂತಿದ್ದ ಸಣ್ಣೀರಮ್ಮ ಒಂದು ಚೆಂಬು ಮಜ್ಜಿಗೆ ಕೊಟ್ಟಳು. ಹೊಟ್ಟೆ ತಣ್ಣಗಾದ ಮೇಲೆ ನನ್ನ ಬಾಯಿ ಸುಮ್ಮನಿದ್ದೀತೇ? "ಈ ಋಣ ತೀರಿಸದೆ ಊರು ಬಿಡಲ್ಲ," ಅಂದುಬಿಟ್ಟೆ.

"ಹಾಗಾದರೆ ನೀರು ಕೊಡಿಸು."

ಎದುರಿಗಿದ್ದ ಸಸಿಮಡಿ ಹಳದಿ ತಿರುಗಿತ್ತು. ಕೆರೆಯಿಂದ ಎರಡು ಕಾಲುವೆ. ಒಂದು ಸಣ್ಣೀರಮ್ಮನ ಕೇರಿಯ ಗದ್ದೆಗಳಿಗೆ, ಇನ್ನೊಂದು ದೊರೆಯ ಭಾವಮೈದ ಬಿಲ್ಲಪ್ಪನಾಯಕನ ಕಬ್ಬಿಗೆ.

"ಎರಡರಲ್ಲೂ ಗೇಣು ಆಳ ನೀರಿದೆ, ಸಮಪಾಲು ಅಂತಾನೆ. ನಮ್ಮದರಲ್ಲಿ ನೀರು ಎಮ್ಮೆ ಹಾಗೆ ಮಲಗಿರುತ್ತೆ ಕಣಮ್ಮ. ಅವನು ಇಳಿಜಾರಾಗಿ ತೋಡಿಸಿಕೊಂಡಿದ್ದಾನೆ, ಅಲ್ಲಿ ಹೋರಿ ಹಾಗೆ ಓಡುತ್ತೆ."

ಇದನ್ನೇ ಕಣಿವೆಕೋಟೆಯ ಆಸ್ಥಾನದಲ್ಲಿ ಹೇಳಿದೆ. ದೊರೆ ಓಬಳರಾಯರು ಗಡ್ಡ ಕೆರೆದುಕೊಂಡರು. "ನಿಂತ ನೀರನ್ನು ಕೊಡದಲ್ಲಿ ಅಳೆಯಬಹುದು. ಓಡುವ ನೀರನ್ನು ಅಳೆಯುವವರು ಯಾರು?"

"ನಾನು," ಅಂದೆ. ಬಾಯಿ ನನ್ನದೇ.

"ಸೋತರೆ ಅರಮನೆಯಲ್ಲಿ ಜನ್ಮಪೂರ್ತಿ ರಾಗಿ ಬೀಸಲಿ," ಅಂದ ಬಿಲ್ಲಪ್ಪ. "ಊರೂರು ತಿರುಗಿದ್ದು ಸಾಕು."

ಒಂದೇ ಊರಿನಲ್ಲಿ ಜನ್ಮಪೂರ್ತಿ! ಆದರೂ ವಿವರಿಸಿದೆ: "ಎರಡು ಹಲಗೆ, ಎರಡರ ಮೇಲಂಚಿಗೂ ಒಂದೇ ಅಳತೆಯ ಕಚ್ಚು. ಕಾಲುವೆಗೆ ಅಡ್ಡ ನಿಲ್ಲಿಸಿದರೆ ಎಂಥ ಓಡುವ ನೀರೂ ನಿಂತು, ಏರಿ, ಕಚ್ಚಿನಿಂದಲೇ ಧುಮುಕಬೇಕು. ಯಾವ ಕಚ್ಚಿನಲ್ಲಿ ನೀರು ಎತ್ತರವೋ ಅಲ್ಲಿ ಹರಿವು ಹೆಚ್ಚು. ನಾಳೆ ಮಧ್ಯಾಹ್ನ ಅಳೆಯುತ್ತೇನೆ, ಡಂಗುರ ಹೊಡೆಸಿ."

ಮರುದಿನ ಹಲಗೆ ನಿಲ್ಲಿಸಲು ಹೋಗಿ ನಾನೇ ಕಾಲುವೆಗೆ ಬಿದ್ದೆ.

"ಆಳ ಗೊತ್ತಾಯಿತಲ್ಲ," ಅಂದ ಬಿಲ್ಲಪ್ಪ. ನೆರೆದವರು ನಕ್ಕರು. ನಾನೂ ನಕ್ಕೆ, ಒದ್ದೆಯಾದವಳಿಗೆ ಬೇರೆ ದಾರಿಯಿಲ್ಲ.

ಕೊನೆಗೆ ಅಳತೆಯಾಯಿತು. ಬಿಲ್ಲಪ್ಪನ ಕಚ್ಚಿನಲ್ಲಿ ನಾಲ್ಕು ಬೆರಳು. ಕೇರಿಯದರಲ್ಲೂ ನಾಲ್ಕೇ ಬೆರಳು. ಬಿಲ್ಲಪ್ಪ ಮೀಸೆ ತಿರುವಿದ.

"ಬೀಸುಕಲ್ಲು ಕಾಯುತ್ತಿದೆ ತಾಯಿ," ಅಂದರು ದೊರೆ.

"ಸೋತೆ ಮಹಾಸ್ವಾಮಿ. ನಾಯಕರ ಮಾತು ನಿಜ. ಇನ್ನು ಯಾರೂ ಅವರನ್ನು ಅನುಮಾನಿಸಬಾರದು. ಅವರ ಕಾಲುವೆಗೆ ಕೆರೆಯಿಂದ ನೀರು ಬಿಡುವ ತೂಬಿನ ಬಾಗಿಲು ಈಗ ಎಲ್ಲಿದೆಯೋ ಅಲ್ಲೇ ಮೊಳೆ ಹೊಡೆಸಿಬಿಡಿ."

ಮೀಸೆಯ ಮೇಲಿದ್ದ ಕೈ ಜಾರಿತು. "ಬೇಡ ಭಾವ! ಇಷ್ಟು ನೀರಿಗೆ ಕಬ್ಬು ಒಣಗಿಹೋಗುತ್ತೆ."

"ಇಷ್ಟು ವರ್ಷ ಇಷ್ಟೇ ನೀರಿಗೆ ಬೆಳೆದ ಕಬ್ಬಲ್ಲವೇ?" ಅಂದರು ದೊರೆ.

ಬಿಲ್ಲಪ್ಪ ಸಿಕ್ಕಿಬಿದ್ದ. ಬೆಳಗಿನ ಜಾವವೇ ತೂಬಿನ ಬಾಗಿಲನ್ನು ಅರ್ಧ ಇಳಿಸಿದ್ದನ್ನು ಬಾಯಿಬಿಟ್ಟ. ಮೊಳೆ ಅಲ್ಲಿಯೇ ಬಿತ್ತು. ಉಳಿದ ನೀರು ಕೇರಿಯ ಕಾಲುವೆಗೆ ತಿರುಗಿತು.

"ಅವನು ಇಳಿಸುತ್ತಾನೆಂದು ನಿನಗೆ ಹೇಗೆ ಗೊತ್ತಿತ್ತು?"

"ನನ್ನ ಹಲಗೆಯನ್ನು ನಾನೇ ನಂಬಿರಲಿಲ್ಲ ಮಹಾಸ್ವಾಮಿ, ಒಂದು ಕಚ್ಚು ಸ್ವಲ್ಪ ಸೊಟ್ಟ. ಆದರೆ ನಾಳೆ ತೂಗುತ್ತೇನೆಂದು ಸಾರಿದರೆ ಹೊಟ್ಟೆಬಾಕ ಇವತ್ತೇ ಉಪವಾಸ ಕೂರುತ್ತಾನೆ. ನಾನು ಕಂಡ ಊರಲ್ಲೆಲ್ಲ ಹಾಗೇ."

ದೊರೆ ಹೊಟ್ಟೆ ಹಿಡಿದು ನಕ್ಕರು. ದಾರಿ ಇದಕ್ಕಾದರೂ ಗೊತ್ತಿರಲಿ ಎಂದು ಒಂದು ಕುದುರೆ ಕೊಟ್ಟರು. ಅದೂ ನನ್ನಂಥದೇ. ಎರಡು ಸಲ ಸುತ್ತಿ ಕೋಟೆಬಾಗಿಲಿಗೇ ಬಂದು ನಿಂತಿತು. ಕೊನೆಗೆ ಇಳಿದು, ಹೊಸ ನೀರಿನ ಜೊತೆಗೇ ನಡೆದು ಸಣ್ಣೀರಮ್ಮನ ಗದ್ದೆ ಸೇರಿದೆ.

ಸಸಿಮಡಿ ತುಂಬಿ ಬದು ಮುಟ್ಟಿತ್ತು.

"ಅಜ್ಜೀ, ಮಜ್ಜಿಗೆ ಋಣ ತೀರಿತಾ?"

ಅವಳು ನೀರಿಗೆ ಕೈಯದ್ದಿ ನೋಡಿದಳು. "ನನ್ನ ಮಜ್ಜಿಗೆ ಇಷ್ಟೊಂದು ನೀರಾಗಿರಲಿಲ್ಲ ಕಣಮ್ಮ."